ಇಬ್ಬರಿಗೂ ಹದಿಮೂರು

"ಎದ್ದು ನಿಂತ್ಕೊಳ್ಳಿ. ಇಬ್ರೂ."

ಟೀಚರ್ ಆಯಿಕೋರು ಅವರ ಕೈಯಲ್ಲಿ ನಾಲ್ಕನೇ ಕ್ಲಾಸಿನ ಗಣಿತದ ಟೆಸ್ಟಿನ ಎರಡು ಹಾಳೆಗಳಿದ್ದವು. ಕಿಟಕಿ ಪಕ್ಕದ ಮೊದಲ ಬೆಂಚಿನಿಂದ ಬಬಿರ್ಯೆ ಎದ್ದಳು. ಬಾಗಿಲ ಬಳಿಯ ಕೊನೆಯ ಬೆಂಚಿನಿಂದ ನಕಾಟೊ ಎದ್ದಳು. ಇಬ್ಬರೂ ಅವಳಿಗಳು. ಹುಟ್ಟಿದ್ದರಲ್ಲಿ ಬಬಿರ್ಯೆ ಮೊದಲು, ಎತ್ತರದಲ್ಲಿ ನಕಾಟೊ ಮೊದಲು.

"ಬಬಿರ್ಯೆಗೆ ಇಪ್ಪತ್ತಕ್ಕೆ ಹದಿಮೂರು," ಎಂದರು ಟೀಚರ್. "ನಕಾಟೊಗೆ ಇಪ್ಪತ್ತಕ್ಕೆ ಹದಿಮೂರು."

"ಹದಿಮೂರಾ? ನಂಗಾ?"

ನಕಾಟೊ ನಿಂತಲ್ಲೇ ಒಮ್ಮೆ ಕುಪ್ಪಳಿಸಿದಳು. ಗಣಿತದಲ್ಲಿ ಅವಳು ಹತ್ತು ದಾಟಿದ್ದು ಇದೇ ಮೊದಲು. ಪಾತ್ರೆ ತೊಳೆಯುವಾಗ, ನೀರು ತರುವಾಗ, ಹಲ್ಲುಜ್ಜುವಾಗ ಕೂಡ ಮಗ್ಗಿ ಹಾಡಿ ಹಾಡಿ ಮನೆಯವರ ಕಿವಿ ಕಿವುಡು ಮಾಡಿದ್ದಳು. ಅದರ ಫಲ ಈಗ ಬಂದಿತ್ತು.

ಆದರೆ ಟೀಚರ್ ನಗಲಿಲ್ಲ.

"ಹೋದ ಸಲ ಇಬ್ರಿಗೂ ಹತ್ತು. ಅದರ ಹಿಂದಿನ ಸಲ ಇಬ್ರಿಗೂ ಒಂಬತ್ತು. ಒಂದೇ ಬೆಂಚಲ್ಲಿ ಕೂತಿದ್ದಕ್ಕೆ ಹೀಗಾಗಿರಬೇಕು ಅಂತ ಆ ಮೂಲೆಗೊಬ್ಬಳನ್ನ, ಈ ಮೂಲೆಗೊಬ್ಬಳನ್ನ ಕೂರಿಸ್ದೆ. ಈಗಲೂ ಸಮ ಸಮ! ಇದು ಹೇಗೆ ಸಾಧ್ಯ?"

"ಟೀಚರ್, ಅವಳಿಗಳ ತಲೇಲಿ ವೈಫೈ ಇರುತ್ತೆ!" ಎಂದು ಸೆಂಪಿಜ್ಜ ಕೂಗಿದ. ಅವನು ಕ್ಲಾಸಿನ ಬಾಯಿಬಡುಕ. ಎಲ್ಲರೂ ಗೊಳ್ಳೆಂದು ನಕ್ಕರು.

"ನೀನು ಕೂತ್ಕೋ ಸೆಂಪಿಜ್ಜ. ನಿನ್ನ ತಲೇಲಿ ಕರೆಂಟೇ ಇಲ್ಲ, ಇನ್ನು ವೈಫೈ ಎಲ್ಲಿಂದ?" ಎಂದರು ಟೀಚರ್. ಮತ್ತೆ ಅವಳಿಗಳ ಕಡೆ ತಿರುಗಿದರು. "ಕಾಪಿ ಹೊಡೆದವರಿಗೆ ನನ್ನ ಕ್ಲಾಸಲ್ಲಿ ಏನು ಸಿಗುತ್ತೆ?"

"ಸೊನ್ನೆ!" ಎಂದು ಇಡೀ ಕ್ಲಾಸು ಖುಷಿಯಿಂದ ಕೂಗಿತು. ಬೇರೆಯವರಿಗೆ ಸೊನ್ನೆ ಸಿಗುವುದೆಂದರೆ ಯಾರಿಗೆ ತಾನೇ ಖುಷಿಯಿಲ್ಲ?

"ನಾನು ಯಾರದ್ದೂ ನೋಡಿಲ್ಲ ಟೀಚರ್!" ಎಂದಳು ನಕಾಟೊ. "ದೇವರಾಣೆ ನಾನೇ ಮಾಡಿದ್ದು. ಇಲ್ಲಿಂದ ಅವಳ ಹಾಳೆ ಹೇಗೆ ಕಾಣುತ್ತೆ? ನಂಗೇನು ಹದ್ದಿನ ಕಣ್ಣಾ?"

"ನಾಳೆ ಬೆಳಿಗ್ಗೆವರೆಗೂ ಟೈಮ್ ಕೊಡ್ತೀನಿ. ನಡೆದಿದ್ದೇನು ಅಂತ ನೀವಾಗೇ ಬಂದು ಹೇಳಿ. ಇಲ್ಲಾಂದ್ರೆ ಹದಿಮೂರು ಹೋಗುತ್ತೆ, ಇಬ್ರಿಗೂ ಸೊನ್ನೆ."

ನಕಾಟೊ ಬೆಂಚಿನ ಮೇಲೆ ಕುಸಿದು ತೋಳಿನಲ್ಲಿ ಮುಖ ಹುದುಗಿಸಿದಳು. ಬಬಿರ್ಯೆ ನಿಂತೇ ಇದ್ದಳು. ಆ ಎರಡು ಹದಿಮೂರು ಹೇಗೆ ಬಂದವೆಂದು ಇಡೀ ಶಾಲೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮನೆಗೆ ಹೋಗುವ ಕೆಂಪು ಮಣ್ಣಿನ ದಾರಿಯುದ್ದಕ್ಕೂ ನಕಾಟೊ ಬುಸುಗುಟ್ಟಿದಳು.

"ನೀನಾದ್ರೂ ಬಾಯಿ ಬಿಡಬಾರದೇನೇ? ಕಂಬದ ಥರ ನಿಂತಿದ್ದೆ! ಒಂದೇ ಒಂದು ಸಲ ಹದಿಮೂರು ಬಂದಿತ್ತು ನಂಗೆ. ಒಂದೇ ಒಂದು ಸಲ!"

"ಹ್ಞೂಂ," ಎಂದಳು ಬಬಿರ್ಯೆ.

"ಏನು ಹ್ಞೂಂ? ನೀನು ಕಾಪಿ ಮಾಡಿದ್ಯಾ?"

"ಇಲ್ಲ."

"ನಾನೂ ಮಾಡಿಲ್ಲ. ಹಾಗಾದ್ರೆ ಟೀಚರಿಗೆ ಹುಚ್ಚು," ಎಂದು ನಕಾಟೊ ತೀರ್ಪು ಕೊಟ್ಟು, ದಾರಿಯಲ್ಲಿದ್ದ ಕಲ್ಲನ್ನು ಒದ್ದಳು.

ಮನೆಯಲ್ಲಿ ಅಮ್ಮ ಆಗಷ್ಟೇ ಬಾಳೆಕಾಯಿ ಅಂಗಡಿ ಮುಚ್ಚಿ ಬಂದಿದ್ದಳು. ಅವಳಿ ಮಕ್ಕಳನ್ನು ಹೆತ್ತವಳಾದ್ದರಿಂದ ಅವಳನ್ನು ಊರೆಲ್ಲ ಹೆಸರು ಹಿಡಿಯದೆ ನಾಲೊಂಗೊ ಎಂದೇ ಕರೆಯುತ್ತಿತ್ತು. ಲಾರಿ ಓಡಿಸುವ ಅಪ್ಪ ಸಾಲೊಂಗೊ. ಆ ಬಿರುದು ಎಷ್ಟು ದೊಡ್ಡದೆಂದರೆ, ಅಮ್ಮನ ನಿಜವಾದ ಹೆಸರು ಅಂಚೆಯವನಿಗೂ ಮರೆತುಹೋಗಿತ್ತು.

ನಕಾಟೊ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ನನ್ನ ಮಕ್ಕಳನ್ನ ಕಳ್ಳಿಯರು ಅಂದ್ರಾ?" ಅಮ್ಮ ಸೊಂಟಕ್ಕೆ ಕೈ ಇಟ್ಟಳು. "ನಾಳೆ ನಾನೇ ಬರ್ತೀನಿ ಸ್ಕೂಲಿಗೆ!"

ಚಾಪೆ ಹೆಣೆಯುತ್ತಿದ್ದ ಅಜ್ಜಿ ತಲೆ ಎತ್ತದೆ ನಕ್ಕಳು. ಅಜ್ಜಿಯನ್ನು ಮಕ್ಕಳು ಜಾಜ್ಜಾ ಎನ್ನುತ್ತಿದ್ದರು. ಅಜ್ಜಿ ಮೊಮ್ಮಕ್ಕಳನ್ನು ತಮಾಷೆಗೆ ಸವತಿಯರೇ ಎನ್ನುತ್ತಿದ್ದಳು. ಆ ಕಡೆಯ ಅಜ್ಜಿಯರೆಲ್ಲ ಹಾಗೇ.

"ಅಯ್ಯೋ ಸವತಿಯರೇ, ಅದಕ್ಯಾಕೆ ಅಳ್ತೀರಿ? ಅವಳಿಗಳಿಗೆ ಸಮ ಬರದೆ ಇನ್ನೇನು ಬರುತ್ತೆ? ಒಂದು ಕಾಫಿ ಹಣ್ಣಿನಲ್ಲಿ ಎರಡು ಬೀಜ. ಒಂದು ದೊಡ್ಡದು, ಒಂದು ಚಿಕ್ಕದು ಇರುತ್ತಾ? ಆ ಟೀಚರಿಗೆ ಏನೂ ಗೊತ್ತಿಲ್ಲ ಬಿಡು."

ಸಮ ಎನ್ನುವುದು ಆ ಮನೆಯ ಕಾನೂನು. ಒಬ್ಬಳಿಗೆ ಮಂದಾಜಿ ಎಂಬ ಸಿಹಿ ಬೋಂಡ ಕರಿದರೆ ಇನ್ನೊಬ್ಬಳಿಗೂ ಅಷ್ಟೇ ದೊಡ್ಡ ಮಂದಾಜಿ. ಒಬ್ಬಳಿಗೆ ಬೈಗುಳ ಬಿದ್ದರೆ ಇನ್ನೊಬ್ಬಳಿಗೂ ಒಂದು ಬೈಗುಳ. ಅವಳಿಗಳಲ್ಲಿ ಭೇದ ಮಾಡಿದವರ ಮೈ ಸುಟ್ಟುಹೋಗುತ್ತದೆ ಎಂದು ಜಾಜ್ಜಾ ನಂಬಿದ್ದಳು. ಸಾಕ್ಷಿಗೆ ತನ್ನ ಮೊಳಕೈ ಮೇಲಿನ ಕಲೆ ತೋರಿಸುತ್ತಿದ್ದಳು: ನಕಾಟೊಗೆ ಒಂದು ದಿನ ಚೂರು ದೊಡ್ಡ ಮಂದಾಜಿ ಕೊಟ್ಟಿದ್ದಕ್ಕೆ ಬಂದ ಶಿಕ್ಷೆಯಂತೆ ಅದು. ಅದು ಬಾಣಲೆ ಎಣ್ಣೆ ಸಿಡಿದ ಕಲೆ ಎಂದು ಅಮ್ಮ ಪಿಸುಮಾತಿನಲ್ಲಿ ಹೇಳುತ್ತಿದ್ದಳು.

ಎರಡನೇ ಕ್ಲಾಸಿನಲ್ಲಿ ಒಮ್ಮೆ ಬಬಿರ್ಯೆಗೆ ಗಣಿತದಲ್ಲಿ ಪೂರ್ತಿ ಮಾರ್ಕ್ಸು ಬಂದು, ಶಾಲೆಯವರು ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟಿದ್ದರು. ನಕಾಟೊಗೆ ನಾಲ್ಕೇ ಮಾರ್ಕ್ಸು. ಜಾಜ್ಜಾ ಆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟಳು. "ಇವಳಿಗೂ ಒಂದು ಬರಲಿ. ಆಮೇಲೆ ಇಬ್ರಿಗೂ ಒಟ್ಟಿಗೆ ಕೆಳಗಿಳಿಸ್ತೀನಿ," ಎಂದಳು. ಇನ್ನೊಂದು ಡಬ್ಬಿ ಬರಲೇ ಇಲ್ಲ. ನಕಾಟೊ ಅಟ್ಟ ನೋಡಿದಾಗಲೆಲ್ಲ ತನ್ನಿಂದಲೇ ಹೀಗಾಯಿತೆಂದು ಅಳುತ್ತಿದ್ದಳು.

ಅಂದಿನಿಂದ ಬಬಿರ್ಯೆ ಬೇಕೆಂದೇ ತಪ್ಪು ಬರೆಯತೊಡಗಿದಳು.

ಅದು ಸುಲಭದ ಕೆಲಸವೆಂದು ತಿಳಿಯಬೇಡಿ. ಎಷ್ಟು ತಪ್ಪು ಬರೆಯಬೇಕು? ನಕಾಟೊ ಎಷ್ಟು ತಪ್ಪು ಮಾಡುತ್ತಾಳೋ ಅಷ್ಟು. ಅದು ಗೊತ್ತಾಗಬೇಕಾದರೆ ಪ್ರತಿ ಲೆಕ್ಕವನ್ನೂ ನಕಾಟೊಳ ತಲೆಯೊಳಗೆ ಕೂತು ಮಾಡಿ ನೋಡಬೇಕು. ಟೀಚರ್ ಕೊಟ್ಟ ಲೆಕ್ಕ ಬಬಿರ್ಯೆಗೆ ಬೋರ್ಡಿನ ಮೇಲೆ ಬರೆದು ಮುಗಿಯುವ ಮೊದಲೇ ಬಂದುಬಿಡುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ಮಾಡುತ್ತಿದ್ದದ್ದು ಈ ಎರಡನೆಯ ಲೆಕ್ಕ. ಅದೇ ಅವಳಿಗೆ ಮಜಾ. ಒಂದೆರಡು ಸಲ ಒಂದು ಮಾರ್ಕು ಆಚೀಚೆ ಆಗಿತ್ತು. ಈ ಸಲ ನಕಾಟೊ ಮಗ್ಗಿ ಚೆನ್ನಾಗಿ ಕಲಿತಿದ್ದಾಳೆ, ಮೂರು ಜಾಸ್ತಿ ಬರುತ್ತೆ ಎಂದು ಊಹಿಸಿದ್ದಳು. ಊಹೆ ಗುರಿ ಮುಟ್ಟಿತ್ತು.

ಈಗ ಅದೇ ಬಿಸಿ ತುಪ್ಪವಾಗಿತ್ತು. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಸುಮ್ಮನಿದ್ದರೆ ನಕಾಟೊಳ ಹದಿಮೂರು ಸೊನ್ನೆಯಾಗುತ್ತದೆ. ಹೇಳಿದರೆ ನಕಾಟೊಗೆ ಗೊತ್ತಾಗುತ್ತದೆ.

ಊಟಕ್ಕೆ ಬಾಳೆಲೆಯಲ್ಲಿ ಬೇಯಿಸಿದ ಬಾಳೆಕಾಯಿ ಮಟೋಕೆ, ಕಡಲೆಕಾಯಿ ಸಾರು. ಬಬಿರ್ಯೆಗೆ ಅದೆಂದರೆ ಪ್ರಾಣ. ಅವತ್ತು ಒಂದು ತುತ್ತೂ ಇಳಿಯಲಿಲ್ಲ.

ಬೆಳಿಗ್ಗೆ ಬೆಲ್ ಹೊಡೆಯುವ ಮೊದಲೇ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಮಂಡಿಯೂರಿ ನಮಸ್ಕಾರ ಮಾಡಿದಳು. ಟೀಚರ್ ಆಯಿಕೋರು ಒಬ್ಬರೇ ಚಹಾ ಕುಡಿಯುತ್ತಿದ್ದರು.

"ಟೀಚರ್, ನಕಾಟೊ ಕಾಪಿ ಮಾಡಿಲ್ಲ. ನಾನೂ ಮಾಡಿಲ್ಲ. ನಾನು... ನಾನು ಬೇಕಂತ ತಪ್ಪು ಬರೆದೆ."

"ಬೇಕಂತ?"

"ಅವಳಿಗೆ ಏಳು ತಪ್ಪಾಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ನಾನೂ ಏಳು ತಪ್ಪು ಬರೆದೆ. ನಾವು ಅವಳಿಗಳು ಅಲ್ವಾ ಟೀಚರ್, ಸಮ ಇರ್ಬೇಕು."

ಟೀಚರ್ ಕಪ್ಪು ಕೆಳಗಿಟ್ಟರು. "ನೋಡು ಬಬಿರ್ಯೆ, ಕತೆ ಕಟ್ಟೋದಾದ್ರೆ ನಂಬೋ ಹಾಗೆ ಕಟ್ಟು. ನಕಾಟೊಗೆ ಎಷ್ಟು ತಪ್ಪಾಗುತ್ತೆ ಅಂತ ನಕಾಟೊಗೇ ಗೊತ್ತಿರಲ್ಲ. ನಿಂಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಟೀಚರ್."

ಟೀಚರ್ ಒಂದು ಹಾಳೆ ಎಳೆದುಕೊಂಡು ನಾಲ್ಕು ಲೆಕ್ಕ ಬರೆದರು.

"ಸರಿ. ಇದಕ್ಕೆ ನಕಾಟೊ ಏನು ಉತ್ತರ ಬರೀತಾಳೆ, ಹೇಳು."

ಮೊದಲನೆಯದು ನಾನೂರ ಎರಡರಲ್ಲಿ ನೂರ ಐವತ್ತೇಳು ಕಳೆಯುವುದು. "ಮುನ್ನೂರ ಐವತ್ತೈದು ಅಂತಾಳೆ," ಎಂದಳು ಬಬಿರ್ಯೆ.

"ಸರಿಯಾದ ಉತ್ತರ?"

"ಇನ್ನೂರ ನಲವತ್ತೈದು. ಆದ್ರೆ ಅವಳು ಮೇಲಿರೋ ಅಂಕಿ ಚಿಕ್ಕದಿದ್ರೆ, ಸುಮ್ನೆ ತಿರುಗಿಸಿ ಕಳೀತಾಳೆ. ಅದ್ರಲ್ಲೂ ಸೊನ್ನೆ ಕಂಡ್ರೆ ಅವಳಿಗೆ ಆಗಲ್ಲ." ಎರಡನೆಯದು ಸಾವಿರದಲ್ಲಿ ಇನ್ನೂರ ಅರವತ್ತೆಂಟು ಕಳೆಯುವುದು. "ಇದಕ್ಕೆ ಸಾವಿರದ ಇನ್ನೂರ ಅರವತ್ತೆಂಟು."

"ಕಳೆದ ಮೇಲೆ ಜಾಸ್ತಿ ಆಯ್ತಾ?"

"ಹೌದು ಟೀಚರ್. ಅವಳು ತಿರುಗಿ ನೋಡಲ್ಲ." ಬಬಿರ್ಯೆ ಮೂರನೆಯದನ್ನು ಓದಿದಳು. ಲಾರಿಯಲ್ಲಿರುವ ಬಾಳೆಗೊನೆಗಳ ಲೆಕ್ಕ. "ಇದು ಸರಿ ಮಾಡ್ತಾಳೆ. ಬಾಳೆಗೊನೆ ಬಂದ್ರೆ ತಪ್ಪೇ ಮಾಡಲ್ಲ." ನಾಲ್ಕನೆಯದು ರೈಲಿನದು. "ಇದನ್ನ ಅರ್ಧಕ್ಕೇ ಬಿಡ್ತಾಳೆ. ಅವಳು ರೈಲು ನೋಡಿಲ್ಲ. ಒಳಗೆ ಅಡುಗೆ ಮನೆ ಇರುತ್ತಾ, ಮಲಗೋಕೆ ಬಿಡ್ತಾರಾ ಅಂತ ಯೋಚನೆ ಮಾಡ್ತಾ ಕೂತುಬಿಡ್ತಾಳೆ."

ಟೀಚರ್ ಅವಳ ಉತ್ತರಗಳನ್ನೆಲ್ಲ ಬರೆದಿಟ್ಟು ನಕಾಟೊಳನ್ನು ಕರೆಸಿದರು. ಸೊನ್ನೆ ಕೊಡುವುದಕ್ಕೇ ಕರೆದಿದ್ದಾರೆಂದು ಅವಳು ಕಣ್ಣು ಕೆಂಪು ಮಾಡಿಕೊಂಡು ಬಂದಳು. ಲೆಕ್ಕದ ಹಾಳೆ ಕೊಟ್ಟ ಮೇಲೆ ಕೂತು ಮಾಡಿದಳು. ಮುನ್ನೂರ ಐವತ್ತೈದು ಬರೆದಳು. ಸಾವಿರದ ಇನ್ನೂರ ಅರವತ್ತೆಂಟು ಬರೆದಳು. ಬಾಳೆಗೊನೆಯದನ್ನು ಬೆರಳು ಮಡಚದೆ ಸರಿಯಾಗಿ ಬರೆದಳು. ರೈಲಿನ ಲೆಕ್ಕದಲ್ಲಿ ಅರ್ಧ ದಾರಿಗೆ ಪೆನ್ಸಿಲ್ ನಿಂತಿತು. ಅವಳು ಕಿಟಕಿಯಾಚೆ ನೋಡತೊಡಗಿದಳು.

ಟೀಚರಿಗೆ ನಗು ತಡೆಯಲಾಗಲಿಲ್ಲ. ನಕ್ಕುಬಿಟ್ಟರು. ಆಮೇಲೆ ಒಮ್ಮೆಲೇ ಗಂಭೀರರಾದರು.

"ನಕಾಟೊ, ನಿನ್ನ ಹದಿಮೂರು ನಿನ್ನದೇ. ನಾನು ಸುಮ್ನೆ ನಿನ್ನನ್ನ ಅಳಿಸ್ದೆ. ತಪ್ಪು ನಂದು."

ಆದರೆ ನಕಾಟೊಳ ಕಣ್ಣು ಆಗಲೇ ಮೇಜಿನ ಮೇಲಿನ ಇನ್ನೊಂದು ಹಾಳೆಯ ಮೇಲೆ ಬಿದ್ದಿತ್ತು. ತಾನು ಈಗಷ್ಟೇ ಬರೆದ ಉತ್ತರಗಳೆಲ್ಲ ಅಲ್ಲಿ ಮೊದಲೇ ಇದ್ದವು. ಅವಳು ಪೆದ್ದಿಯಲ್ಲ. ಒಂದು ಸಲ ಹಾಳೆಯನ್ನು, ಒಂದು ಸಲ ಅಕ್ಕನನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು.

"ನನ್ನ ತಪ್ಪೆಲ್ಲ ನಿನ್ನ ಹತ್ರ ಲೆಕ್ಕ ಇದೆಯೇನೇ?"

"ನಕಾಟೊ, ನೀನು ಪೆನ್ಸಿಲ್ ಡಬ್ಬಿಗೆ ಅಳ್ತಿದ್ದೆ ಅಲ್ವಾ, ಅದಕ್ಕೇ..."

"ಆವಾಗ ನಾನು ಎರಡನೇ ಕ್ಲಾಸು!" ನಕಾಟೊ ಕಿರುಚಿದಳು. "ಇಬ್ರಿಗೂ ಹತ್ತು ಬಂದಾಗೆಲ್ಲ ನಾನು ಏನು ಅಂದ್ಕೊಂಡಿದ್ದೆ ಗೊತ್ತಾ? ಇವಳಿಗೂ ನನ್ನ ಥರಾನೇ ಕಷ್ಟ ಆಗುತ್ತೆ ಪಾಪ, ಅಂತ. ನಾನು ಒದ್ದಾಡ್ತಿದ್ರೆ ನೀನು ಆಟ ಆಡ್ತಿದ್ದೆ!"

ಅಷ್ಟು ಹೇಳಿ ಓಡಿಹೋದಳು. ಅವತ್ತು ಬೆಳಗಿನ ಬಿಡುವಿನ ಗಂಜಿಗೂ ಅಕ್ಕನ ಪಕ್ಕ ನಿಲ್ಲಲಿಲ್ಲ, ಮಧ್ಯಾಹ್ನದ ಮೆಕ್ಕೆಜೋಳದ ಪೋಷೊ ಮುದ್ದೆಗೂ ಪಕ್ಕ ಕೂರಲಿಲ್ಲ. ಹೋಗಿ ಹೋಗಿ ಸೆಂಪಿಜ್ಜನ ಪಕ್ಕ ಕೂತಳು.

ಸಂಜೆ ಟೀಚರ್ ಆಯಿಕೋರು ಬಾಡಿಗೆ ಬೈಕಿನ ಹಿಂದೆ ಕೂತು ಮನೆಗೇ ಬಂದರು. ಅವಳಿಗಳು ಅಂಗಳದಲ್ಲಿ ಮಂಡಿಯೂರಿದರು, ಒಬ್ಬಳು ಈ ತುದಿಗೆ, ಒಬ್ಬಳು ಆ ತುದಿಗೆ. ಜಾಜ್ಜಾ ಬಂದವರಿಗೆ ಅಗಿಯಲು ಸಣ್ಣ ಬುಟ್ಟಿಯಲ್ಲಿ ಒಣಗಿದ ಕಾಫಿ ಹಣ್ಣು ಮುಂದಿಟ್ಟಳು. ಜಗಳ ಮಾಡಬೇಕೆಂದಿದ್ದ ಅಮ್ಮ, ಅತಿಥಿಯೇ ಮನೆಗೆ ಬಂದಿದ್ದರಿಂದ ಬಾಯಿ ಕಟ್ಟಿಕೊಂಡು ಚಹಾ ಇಟ್ಟಳು.

"ಯಾವ ಕಡೆಯವಳಮ್ಮ ನೀನು?" ಎಂದಳು ಜಾಜ್ಜಾ.

"ಆರುವಾ ಕಡೆ, ಜಾಜ್ಜಾ."

"ಓ, ನೈಲ್ ನದಿ ಆಚೆ! ನಿಮ್ಮಲ್ಲಿ ಅವಳಿಗಳು ಸುಡಲ್ವಾ?"

"ಸುಡೋದು ನೋಡಿಲ್ಲ. ಗಲಾಟೆ ಮಾಡೋದು ನೋಡಿದ್ದೀನಿ," ಎಂದು ಟೀಚರ್ ಒಂದು ಕಾಫಿ ಹಣ್ಣು ಬಾಯಿಗೆ ಹಾಕಿಕೊಂಡು, ನಡೆದದ್ದನ್ನೆಲ್ಲ ಹೇಳಿದರು.

ಅಮ್ಮ ಮೊದಲು ನಂಬಲಿಲ್ಲ. ಆಮೇಲೆ ಬಬಿರ್ಯೆಯ ಮುಖ ನೋಡಿ ನಂಬಿದಳು.

"ನಾಲೊಂಗೊ, ನಿಮ್ಮ ಮಗಳಿಗೆ ನನ್ನ ಕ್ಲಾಸಿನ ಲೆಕ್ಕ ಸಾಲ್ತಾ ಇಲ್ಲ," ಎಂದರು ಟೀಚರ್. "ಅವಳ ತಲೆಗೆ ಕೆಲಸ ಇಲ್ಲದೆ, ಬೇರೆ ಕೆಲಸ ಹುಡುಕ್ಕೊಂಡಿದ್ದಾಳೆ. ಇದು ಅವಳ ತಪ್ಪು ಮಾತ್ರ ಅಲ್ಲ. ಹೆಡ್‌ಮಾಸ್ಟರ್ ಹತ್ರ ಮಾತಾಡಿದ್ದೀನಿ. ಗಣಿತದ ಪೀರಿಯಡ್ಡಿಗೆ ಮಾತ್ರ ಬಬಿರ್ಯೆ ಆರನೇ ಕ್ಲಾಸಿಗೆ ಹೋಗಲಿ. ಉಳಿದಿದ್ದಕ್ಕೆಲ್ಲ ನಮ್ಮ ಜೊತೇನೇ."

ಆರನೇ ಕ್ಲಾಸಿನ ಬೋರ್ಡನ್ನು ಬಬಿರ್ಯೆ ಎಷ್ಟೋ ಸಲ ಕಿಟಕಿಯಿಂದ ಕದ್ದು ನೋಡಿದ್ದಳು. ಅಲ್ಲಿ ಅಂಕಿಗಳ ನಡುವೆ ಏನೇನೋ ಗೀಟುಗಳು, ಚುಕ್ಕೆಗಳು ಇರುತ್ತಿದ್ದವು. ಹೋಗಬೇಕೆಂದು ಎಷ್ಟು ಆಸೆಯಾಯಿತೆಂದರೆ, ಅದು ಮುಖದ ಮೇಲೆ ಕಾಣಬಾರದೆಂದು ತಲೆ ತಗ್ಗಿಸಿದಳು.

"ಇಬ್ರೂ ಹೋಗ್ತಾರಾ?" ಎಂದಳು ಜಾಜ್ಜಾ.

"ಇಲ್ಲ ಜಾಜ್ಜಾ. ಬಬಿರ್ಯೆ ಮಾತ್ರ."

"ಹಾಗಾದ್ರೆ ಯಾರೂ ಹೋಗಲ್ಲ." ಜಾಜ್ಜಾ ಚಾಪೆಯ ಗರಿಯನ್ನು ಜಗ್ಗಿ ಎಳೆದಳು. "ಹೋದ್ರೆ ಇಬ್ರೂ, ಇಲ್ಲಾಂದ್ರೆ ಇಬ್ರೂ ಇಲ್ಲ."

"ಜಾಜ್ಜಾ, ಕೈಯಲ್ಲಿ ಐದು ಬೆರಳೂ ಒಂದೇ ಸಮ ಇರುತ್ತಾ?"

"ಬೆರಳುಗಳು ಅವಳಿಗಳಲ್ಲ, ಟೀಚರಮ್ಮ."

ಅಮ್ಮ ಅತ್ತೆಯ ಮುಖ ನೋಡಿದಳು, ಮಗಳ ಮುಖ ನೋಡಿದಳು, ಚಹಾ ಸೋಸುವ ನೆಪದಲ್ಲಿ ಎದ್ದಳು. ಅತ್ತೆಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆಯಿತು, ಮುಗಿಯಿತು ಎಂದುಕೊಂಡಳು ಬಬಿರ್ಯೆ.

"ನಂಗೆ ಬೇಡ ಆರನೇ ಕ್ಲಾಸು."

ಹೇಳಿದ್ದು ನಕಾಟೊ. ಬೆಳಿಗ್ಗೆಯಿಂದ ಮನೆಯವರ ಮುಂದೆ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು.

"ಜಾಜ್ಜಾ, ಇಲ್ಲಿ ನೋಡು." ಅವಳು ಎದ್ದು ಬಬಿರ್ಯೆಯ ಕೈ ಹಿಡಿದು ಎಳೆದು ತನ್ನ ಪಕ್ಕ ನಿಲ್ಲಿಸಿಕೊಂಡಳು. ಮೆಲ್ಲಗಲ್ಲ, ಸಿಟ್ಟಿನಿಂದಲೇ ಎಳೆದಳು. "ಹಬ್ಬಕ್ಕೆ ನೀನೇ ಹೊಲಿಸಿದ ಫ್ರಾಕು ಇದು. ಇಬ್ರಿಗೂ ಒಂದೇ ಅಳತೆ. ನಂದು ಮಂಡಿ ಮೇಲೆ ಹೋಗಿದೆ, ಕಂಕುಳಲ್ಲಿ ಹರಿದಿದೆ. ಅವಳದ್ದು ಮಂಡಿ ಕೆಳಗೆ ಜೋತಾಡ್ತಾ ಇದೆ. ಸಮ ಅಂದ್ರೆ ಇದೇನಾ?"

ಎಲ್ಲರೂ ನೋಡಿದರು. ನಿಜವೇ. ಬಬಿರ್ಯೆ ಅಂಗಡಿಯ ಚೀಲದೊಳಗೆ ನಿಂತ ಹಾಗಿದ್ದಳು. ಅಮ್ಮ ಅಂಗೈಯಲ್ಲಿ ಬಾಯಿ ಮುಚ್ಚಿ ನಕ್ಕಳು.

"ನೀನು ಬೆಳೀತಾ ಇದ್ದೀಯ, ಅದಕ್ಕೆ," ಎಂದಳು ಜಾಜ್ಜಾ.

"ಅವಳೂ ಬೆಳೀತಾ ಇದ್ದಾಳೆ. ಬೇರೆ ಕಡೆ!" ನಕಾಟೊ ಅಕ್ಕನ ತಲೆಯನ್ನು ಬೆರಳಿನಿಂದ ಕುಟ್ಟಿದಳು. "ಅವಳು ಬಗ್ಗಿ ಬಗ್ಗಿ ನನ್ನ ಸಮ ಆಗೋದು ನಂಗೆ ಬೇಡ. ನನ್ನ ಮಾರ್ಕ್ಸು ನಂಗೆ ಬರಲಿ, ಅವಳದ್ದು ಅವಳಿಗೆ ಬರಲಿ. ಇಲ್ಲಾಂದ್ರೆ ನಾನೇ ಸುಡ್ತೀನಿ ಎಲ್ಲರನ್ನೂ!"

ಅವಳಿಯೇ ನಿಂತು ಸುಡುತ್ತೇನೆಂದು ಹೇಳಿದ್ದನ್ನು ಜಾಜ್ಜಾ ತನ್ನ ಆಯುಷ್ಯದಲ್ಲೇ ಕೇಳಿರಲಿಲ್ಲ. ತನಗೆ ತಿಳಿಯದಂತೆ ಮೊಳಕೈಯ ಕಲೆಯನ್ನು ಸವರಿಕೊಂಡಳು.

"ಆಯ್ತು, ಆಯ್ತು, ಕೂತ್ಕೊಳ್ಳೇ ಸವತಿ. ಅವಳಿಗೆ ಆರನೇ ಕ್ಲಾಸು ಸಿಕ್ಕಿದ್ರೆ ನಿಂಗೇನು ಸಿಗುತ್ತೆ? ಅದನ್ನ ಹೇಳು."

"ನಾನು ಹೇಳ್ತೀನಿ," ಎಂದರು ಟೀಚರ್. "ಇಷ್ಟು ದಿನ ನಕಾಟೊ ಹಾಳೆ ತುಂಬ ಕೆಂಪು ಗೀಟು ಹಾಕ್ತಿದ್ದೆ. ತಪ್ಪು ಎಲ್ಲಾ ಕಡೆ ಇದೆ ಅಂದ್ಕೊಂಡಿದ್ದೆ. ಅದು ಇರೋದು ಒಂದೆರಡು ಕಡೆ ಮಾತ್ರ ಅಂತ ಇವತ್ತು ಗೊತ್ತಾಯ್ತು. ಕಳೆಯೋದನ್ನ ನಾನೇ ಮತ್ತೆ ಮೊದಲಿಂದ ಹೇಳಿಕೊಡ್ತೀನಿ."

ಜಾಜ್ಜಾ ತುಟಿ ಮುಂದೆ ಮಾಡಿದಳು. ಪಾಠವನ್ನು ಅವಳು ಉಡುಗೊರೆಯ ಲೆಕ್ಕಕ್ಕೆ ಸೇರಿಸುವವಳಲ್ಲ.

"ಕಿಟಕಿ ಪಕ್ಕದ ಜಾಗ!" ಎಂದಳು ನಕಾಟೊ. "ಅವಳು ಹೇಗೂ ಹೋಗ್ತಾಳಲ್ಲ. ಅದು ನಂಗೆ. ಎಲ್ಲಾ ಪೀರಿಯಡ್ಡಿಗೂ."

"ಕಿಟಕಿಯಿಂದ ಏನು ಕಾಣುತ್ತೆ?" ಜಾಜ್ಜಾ ಕೇಳಿದಳು.

"ರಸ್ತೆ, ಲಾರಿ, ಚಪಾತಿ ಸುಡೋನು, ಎಲ್ಲಾ."

ಜಾಜ್ಜಾ ಕಣ್ಣು ಮುಚ್ಚಿ ಎರಡನ್ನೂ ತೂಗಿ ನೋಡಿದಳು. ಒಂದು ಕಡೆ ಆರನೇ ಕ್ಲಾಸು, ಒಂದು ಕಡೆ ಕಿಟಕಿ.

"ಸಮ ಆಯ್ತು," ಎಂದಳು. "ಕಿಟಕಿಯೇ ಚೂರು ಜಾಸ್ತಿ ಆಯ್ತೇನೋ. ಇರಲಿ."

ಟೀಚರ್ ಹೋದ ಮೇಲೆ ಅವಳಿಗಳು ನೀರಿನ ಕ್ಯಾನು ಹಿಡಿದು ಕೊಳಾಯಿಗೆ ಹೋದರು.

"ನಂಗೆ ಇನ್ನೂ ಸಿಟ್ಟಿದೆ," ಎಂದಳು ನಕಾಟೊ.

"ಗೊತ್ತು."

"ಅದೂ ಗೊತ್ತಾ? ಯಾವಾಗ ಹೋಗುತ್ತೆ ಅಂತಾನೂ ಗೊತ್ತಿರ್ಬೇಕಲ್ಲ ನಿಂಗೆ?"

"ಅದು ಗೊತ್ತಿಲ್ಲ ಕಣೇ," ಎಂದಳು ಬಬಿರ್ಯೆ. ಅವಳು ನಿಜವನ್ನೇ ಹೇಳಿದ್ದಳು. "ಇನ್ನು ನಿನ್ನ ತಲೆಯೊಳಗೆ ಬರಲ್ಲ. ಆಣೆ."

ಕೊಳಾಯಿಯಿಂದ ಮರಳುವಾಗ ತುಂಬಿದ ಕ್ಯಾನು ಭಾರವಾಗಿ ಅಕ್ಕ ಏದುಸಿರು ಬಿಡುವುದನ್ನು ಕಂಡು, ನಕಾಟೊ ಹಿಡಿಕೆಗೆ ತಾನೂ ಒಂದು ಕೈ ಹಾಕಿದಳು.

ಆರನೇ ಕ್ಲಾಸಿನ ಬೆಂಚುಗಳು ಎತ್ತರ. ಬಬಿರ್ಯೆಯ ಕಾಲು ನೆಲ ಮುಟ್ಟಲಿಲ್ಲ. "ಯಾರಪ್ಪ ಈ ಪುಟಾಣಿ? ದಾರಿ ತಪ್ಪಿ ಬಂತಾ?" ಎಂದು ಹಿಂದಿನಿಂದ ಯಾರೋ ಅಂದರು. ಮೇಷ್ಟ್ರು ಗದರಿಸಿ, ಪುಟಾಣಿಗೂ ಒಂದು ಹಾಳೆ ಕೊಟ್ಟು, ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದರು.

ಅಭ್ಯಾಸಬಲದಿಂದ ಬಬಿರ್ಯೆಯ ತಲೆ ಮೊದಲು ಯೋಚಿಸಿದ್ದು, ಇದರಲ್ಲಿ ಎಷ್ಟು ತಪ್ಪು ಬರೆಯಬೇಕು ಎಂದು. ಆ ಯೋಚನೆ ಬೇಕಾಗಲಿಲ್ಲ. ಮೊದಲನೆಯ ಲೆಕ್ಕ ಬಂತು. ಎರಡನೆಯದು ಬಂದ ಹಾಗೆ ಮಾಡಿ ಕೈಕೊಟ್ಟಿತು. ಮೂರನೆಯದು ಬಂತು. ಆಮೇಲಿನವು ಬೋರ್ಡಿನಿಂದ ಸುಮ್ಮನೆ ಅವಳನ್ನೇ ನೋಡುತ್ತಿದ್ದವು. ಅವಳು ಅವನ್ನು ನೋಡಿದಳು. ಒಂದು ಸಲ ಅಳಿಸಿದಳು. ಮತ್ತೆ ಬರೆದಳು. ಬೆಲ್ ಹೊಡೆದದ್ದು ಅವಳಿಗೆ ಕೇಳಿಸಲೇ ಇಲ್ಲ. ಮೇಷ್ಟ್ರು ಬಂದು ಹಾಳೆ ತೆಗೆದುಕೊಂಡು ಅಲ್ಲೇ ತಿದ್ದಿಕೊಟ್ಟರು. ಗಣಿತದ ಪೀರಿಯಡ್ಡು ಇಷ್ಟು ಚಿಕ್ಕದೆಂದು ಅವಳಿಗೆ ಮೊದಲ ಬಾರಿ ಗೊತ್ತಾಯಿತು.

ನಕಾಟೊ ಹಲಸಿನ ಮರದಡಿ ಎರಡು ಲೋಟ ಗಂಜಿ ಹಿಡಿದು ಕಾಯುತ್ತಿದ್ದಳು.

"ಎಷ್ಟು?"

"ಹತ್ತಕ್ಕೆ ನಾಲ್ಕು."

ನಕಾಟೊಳ ಹುಬ್ಬು ಗಂಟಾಯಿತು. ಲೋಟಗಳನ್ನು ಬೇರಿನ ಮೇಲೆ ಇಟ್ಟು, ಅಕ್ಕನ ಗಲ್ಲ ಹಿಡಿದು ಎತ್ತಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಬೇಕಂತ?"

"ಇಲ್ಲ ಕಣೇ. ನಿಜವಾಗ್ಲೂ ಬರಲಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನಕಾಟೊ ನಗತೊಡಗಿದಳು. ಎಂಥ ನಗು ಅದು! ಹೊಟ್ಟೆ ಹಿಡಿದುಕೊಂಡು ಮರಕ್ಕೆ ಒರಗಿ ನಕ್ಕಳು. "ನಾಲ್ಕು! ಬಬಿರ್ಯೆಗೆ ನಾಲ್ಕು! ನಾನೇ ವಾಸಿ!" ಬಬಿರ್ಯೆಗೂ ನಗು ಬಂತು. ಮೊದಲು ಸಣ್ಣದಾಗಿ ಬಂತು, ಆಮೇಲೆ ತಡೆಯಲಾಗಲಿಲ್ಲ.

"ತೋರ್ಸು ಇಲ್ಲಿ." ನಕಾಟೊ ಹಾಳೆ ಕಿತ್ತುಕೊಂಡಳು. "ಅಯ್ಯೋ, ಇದೇನೇ ಇದು? ನಂಗೆ ಓದೋಕೂ ಬರಲ್ಲ."

"ನಂಗೂ ಬರಲ್ಲ," ಎಂದಳು ಬಬಿರ್ಯೆ. ಗಣಿತದ ಬಗ್ಗೆ ಆ ಮಾತು ಅವಳ ಬಾಯಿಂದ ಅದುವರೆಗೂ ಬಂದಿರಲಿಲ್ಲ. ಹೇಳಿದ ಮೇಲೆ ಏನೋ ಹಗುರವಾಯಿತು.

ಹಾಳೆಯನ್ನು ತಿರುಗಿ ಇಸಿದುಕೊಂಡು ನೋಡಿದಳು. ಆರು ಕೆಂಪು ಗೀಟುಗಳು. ಎರಡು ವರ್ಷದಿಂದ ಅವಳು ಎಷ್ಟೊಂದು ತಪ್ಪು ಬರೆದಿದ್ದಳು. ಅವುಗಳಲ್ಲಿ ಒಂದೂ ಅವಳದಾಗಿರಲಿಲ್ಲ. ಈ ಆರನ್ನು ಅವಳು ಯಾರಿಗೋಸ್ಕರವೂ ಬರೆದಿರಲಿಲ್ಲ. ಅಷ್ಟೂ ಅವಳವೇ.

"ಗಂಜಿ ಆರ್ತಾ ಇದೆ, ಕುಡಿಯೇ," ಎಂದಳು ನಕಾಟೊ.

"ತಾಳೇ," ಎಂದಳು ಬಬಿರ್ಯೆ. ಅವಳು ಮರದ ಬೇರಿನ ಮೇಲೆ ಕೂತು, ಕೈಕೊಟ್ಟ ಆ ಎರಡನೆಯ ಲೆಕ್ಕವನ್ನು ಮತ್ತೆ ಮೊದಲಿನಿಂದ ಓದತೊಡಗಿದ್ದಳು.